ಗುದ್ದಲಿಯ ಬಾಯಿಗೆ ಗ್ರೈಂಡರ್

ಕುಲುಮೆಗೆ ಹೋಗಿಬರುತ್ತಿದ್ದ ಗುದ್ದಲಿ, ಸನಿಕೆ, ಹಾರೆಗಳು ಈಗ ಮನೆಯಂಗಳದಲ್ಲೇ ಕಿಡಿ ಕಾರುತ್ತಿವೆ. ನಿಮಿಷದೊಳಗೆ ಬಾಯಿ ಹರಿತ ಮಾಡಿಕೊಡುವ ಯಂತ್ರ ಅಷ್ಟೇ ಹೊತ್ತಿನಲ್ಲಿ ಕಬ್ಬಿಣದ ಹದವನ್ನೂ ಕಳೆಯಬಲ್ಲದು. ಅದನ್ನು ಎಲ್ಲಿ, ಎಷ್ಟು, ಹೇಗೆ ಹಿಡಿಯಬೇಕು?

ರೋಹಿಣಿ ಮಳೆಗೆ ಮೊದಲು ಗುದ್ದಲಿ, ಕುಳ, ಕುಡುಗೋಲುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಕುಲುಮೆಗೆ ಒಯ್ಯುವುದು ಬಯಲುಸೀಮೆಯ ಹಳ್ಳಿಗಳಲ್ಲಿ ತಪ್ಪದ ವಾಡಿಕೆಯಾಗಿತ್ತು. ಈಗ ಆ ಚೀಲ ಹೊರಡುವುದು ಅಪರೂಪ. ಕುಲುಮೆ ಇರುವ ಊರೇ ಕಡಿಮೆ. ಇದ್ದರೂ ಆಚಾರಿ ಗೇಟು, ಗ್ರಿಲ್ಲಿನ ವೆಲ್ಡಿಂಗ್ ಕೆಲಸದಲ್ಲಿ ಮುಳುಗಿರುತ್ತಾರೆ. ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಪಿವಿಸಿ ಪೈಪು, ಸ್ಪ್ರೇಯರ್‌ಗಳ ಪಕ್ಕದಲ್ಲೇ ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್ ಕೂತಿರುತ್ತದೆ. ಕೊಟ್ಟಿಗೆಯ ಪೈಪು ಕೊಯ್ಯಲೆಂದೋ, ಬಾತ್‌ರೂಮಿನ ಟೈಲ್ಸಿಗೆಂದೋ ಮನೆಗೆ ಬಂದ ಆ ಯಂತ್ರ ಕೆಲಸ ಮುಗಿದ ಮೇಲೂ ಸುಮ್ಮನಿರುವುದಿಲ್ಲ. ಒಂದು ದಿನ ಮೊಂಡಾದ ಗುದ್ದಲಿ ಕಣ್ಣಿಗೆ ಬೀಳುತ್ತದೆ. ಪ್ಲಗ್ ಹಾಕುತ್ತಾರೆ, ಕಿಡಿ ಹಾರುತ್ತದೆ, ಬಾಯಿ ಫಳಫಳ ಹೊಳೆಯುತ್ತದೆ. ಕುಲುಮೆಯ ದಾರಿ ಅಲ್ಲಿಗೆ ಮರೆತುಹೋಗುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ಹರಿತವಾದ ಗುದ್ದಲಿ ಬೇರನ್ನು ಕಡಿದು ಮಣ್ಣಿಗಿಳಿಯುತ್ತದೆ. ಮೊಂಡು ಗುದ್ದಲಿ ಮಣ್ಣನ್ನು ಗುದ್ದುತ್ತದೆ, ಗುದ್ದಿದ ಏಟು ಕಾವಿನ ಗುಂಟ ಹತ್ತಿ ಮೊಣಕೈ, ಭುಜ, ಸೊಂಟಕ್ಕೆ ಬರುತ್ತದೆ. ಅಡಿಕೆ ತೋಟದ ಕಪ್ಪು ತೆಗೆಯುವವರು, ಶುಂಠಿ ಪಟ್ಟೆ ಹೊಡೆಯುವವರು, ತೆಂಗಿನ ಬುಡ ಬಿಡಿಸುವವರು ಸಂಜೆ ಮೈಕೈ ನೋವೆಂದು ಮಲಗುವುದರಲ್ಲಿ ಮಣ್ಣಿನ ಪಾಲಿನ ಜೊತೆಗೆ ಮೊಂಡು ಬಾಯಿಯ ಪಾಲೂ ಇದೆ. ಹಾಗಾಗಿ ಯಂತ್ರ ಬೇಕೇ ಬೇಡವೇ ಎಂಬ ಚರ್ಚೆ ಬೇಡ, ಅದು ಬಂದಾಗಿದೆ. ಆದರೆ ಕುಲುಮೆ ಮಾಡುತ್ತಿದ್ದ ಕೆಲಸವೇ ಬೇರೆ, ಗ್ರೈಂಡರ್ ಮಾಡುವ ಕೆಲಸವೇ ಬೇರೆ. ಎರಡೂ ಒಂದೇ ಎಂದುಕೊಂಡಲ್ಲಿಂದ ಗುದ್ದಲಿಯ ಆಯಸ್ಸು ಸವೆಯಲು ಶುರು.

ಎಷ್ಟು ಹರಿತವಾದರೆ ಸಾಕು?

ಕೈಗೆ ಯಂತ್ರ ಸಿಕ್ಕವರು ಮೊದಲು ಎಡವುವುದು ಇಲ್ಲೇ. ಕತ್ತಿಗೆ ಬೇಕಾದ ಹರಿತ ಗುದ್ದಲಿಗೆ ಬೇಡ. ತರಕಾರಿ ಹೆಚ್ಚುವ ಚಾಕುವಿನ ಅಂಚು ಬಹಳ ಕಿರಿದಾದ ಕೋನದ್ದು. ಕೊಡಲಿಗೆ 25ರಿಂದ 30 ಡಿಗ್ರಿ ಇದ್ದರೆ ಸರಿ. ಅಗೆಯುವ ಸಲಕರಣೆಗೆ 30ರಿಂದ 45 ಡಿಗ್ರಿ ಬೇಕು. ಕೋನ ಕಿರಿದಾದಷ್ಟೂ ಅಂಚು ಸಲೀಸಾಗಿ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಮುರಿಯುತ್ತದೆ, ಮಡಚಿಕೊಳ್ಳುತ್ತದೆ. ಹಿಂದೆ ಕುಲುಮೆಯ ಕಟ್ಟೆಯ ಮೇಲೆ ಈ ಮಾತು ಹೀಗೆ ನಡೆಯುತ್ತಿತ್ತು:

"ಆಚಾರ್ರೇ, ಇನ್ನೊಂದ್ ಸ್ವಲ್ಪ ಚೂಪು ಮಾಡ್ಕೊಡಿ."

"ಇದ್ರಲ್ಲೇನು ಗಡ್ಡ ಕೆರ್ಕೋತೀರಾ ಗೌಡ್ರೇ? ಮೊದಲ್ನೇ ಕಲ್ಲಿಗೇ ಬಾಯಿ ಮಡಚ್ಕೊಳ್ಳುತ್ತೆ, ನಾಳೆ ಮತ್ತೆ ನನ್ ಹತ್ರಾನೇ ಬರ್ತೀರಾ."

ಕೋನವನ್ನು ತೀರ್ಮಾನಿಸಬೇಕಾದ್ದು ಮಣ್ಣು. ಗೋಡು, ಮೆಕ್ಕಲು ಮಣ್ಣಿನ ತೋಟದಲ್ಲಿ, ಅದರಲ್ಲೂ ಬೇರು ಹೆಚ್ಚಿರುವ ಅಡಿಕೆ, ಬಾಳೆ ತೋಟಗಳಲ್ಲಿ 30-35 ಡಿಗ್ರಿಯ ಬಾಯಿ ಚೆನ್ನಾಗಿ ನಡೆಯುತ್ತದೆ. ಗರಸು ಬೆರೆತ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಚೂರುಗಳು ಸಿಗುತ್ತವೆ, ಅಲ್ಲಿ 45ಕ್ಕೆ ಏರಿಸದಿದ್ದರೆ ಬಾಯಿ ಹಲ್ಲು ಹಲ್ಲಾಗುತ್ತದೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಗುದ್ದಲಿಯ ಮಾತು ಕೇಳುವುದೇ ಇಲ್ಲ. ಅಲ್ಲಿ ಮೊದಲು ಪಿಕಾಸಿ, ಆಮೇಲೆ ಗುದ್ದಲಿ. ಉತ್ತರದ ಎರೆ ಮಣ್ಣಿನ ಕಥೆ ಇನ್ನೊಂದು. ಒದ್ದೆಯಾದಾಗ ಅದು ಅಲಗಿಗೆ ಮೆತ್ತಿಕೊಂಡು ಪ್ರತಿ ಏಟಿಗೂ ಭಾರ ಏರಿಸುತ್ತದೆ. ಅಲ್ಲಿ ಬಾಯಿಯ ಹರಿತಕ್ಕಿಂತ ಅಲಗಿನ ನುಣುಪು ಮುಖ್ಯ, ತುಕ್ಕು ಹಿಡಿದ ಸಲಿಕೆಗೆ ಎರೆ ಬಿಡದೆ ಅಂಟುತ್ತದೆ.

ಮರಳು ಮಣ್ಣು ಮೆತ್ತಗೆ ಕಂಡರೂ ಒಳಗೊಳಗೇ ತಿನ್ನುವಂಥದ್ದು. ಮರಳಿನ ಕಣವೆಂದರೆ ಬೆಣಚು, ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಅದು 7. ಹದ ಹಾಕಿದ ಉಕ್ಕು ಕೂಡ ಅದಕ್ಕಿಂತ ತುಸು ಕೆಳಗೇ ನಿಲ್ಲುತ್ತದೆ. ನಾವು ಮಣ್ಣನ್ನು ಅಗೆಯುತ್ತಿರುವಾಗ ಮಣ್ಣು ಗುದ್ದಲಿಯನ್ನು ಮಸೆಯುತ್ತಿರುತ್ತದೆ.

ಈ ಮಸೆತವನ್ನೇ ಲಾಭಕ್ಕೆ ತಿರುಗಿಸಿಕೊಂಡವರೂ ಇದ್ದಾರೆ. ಇಂಗ್ಲೆಂಡಿನ ರಾಬರ್ಟ್ ರಾನ್ಸಮ್ 1803ರಲ್ಲಿ ಪೇಟೆಂಟ್ ಪಡೆದ ಎರಕದ ನೇಗಿಲ ಕುಳದಲ್ಲಿ ಕೆಳಮುಖ ಗಡಸು, ಮೇಲ್ಮುಖ ಮೆದು. ಉಳುವಾಗ ಮಣ್ಣು ಮೆದು ಭಾಗವನ್ನು ಬೇಗ ಸವೆಸುತ್ತದೆ, ಕೆಳಗಿನ ಗಡಸು ಪದರ ತೆಳುವಾಗಿ ಮುಂದೆ ಉಳಿಯುತ್ತದೆ. ಕುಳ ತನಗೆ ತಾನೇ ಹರಿತವಾಗುತ್ತ ಹೋಗುತ್ತದೆ. ಗುದ್ದಲಿಗೆ ಒಂದೇ ಬದಿಯಲ್ಲಿ ಇಳಿಜಾರು ಕೊಡುವವರು ಈ ಮಾತನ್ನು ನೆನಪಿಡಬೇಕು. ಎರಡೂ ಬದಿ ಉಜ್ಜಿದ ಬಾಯಿ ನೋಡಲು ಚೂಪು, ಅದಕ್ಕೆ ಹಿಂದಿನ ಆಸರೆ ಇರುವುದಿಲ್ಲ.

ಸುತ್ತಿಗೆ ಹಿಗ್ಗಿಸುತ್ತದೆ, ಚಕ್ರ ತಿನ್ನುತ್ತದೆ

ಕುಲುಮೆಯಲ್ಲಿ ಗುದ್ದಲಿಯ ಬಾಯಿ ಹೇಗೆ ಹರಿತವಾಗುತ್ತಿತ್ತು ಎಂಬುದನ್ನು ನೋಡಿದವರಿಗೆ ಗೊತ್ತು. ಆಚಾರಿ ಅದನ್ನು ಉಜ್ಜುತ್ತಿರಲಿಲ್ಲ, ಹಣಿಯುತ್ತಿದ್ದರು. ತಿದಿಯ ಗಾಳಿಗೆ ಇದ್ದಿಲು ಉರಿದು ಬಾಯಿ ಕೆಂಪಗಾದಾಗ ಇಕ್ಕುಳದಿಂದ ಎತ್ತಿ ಅಡಿಗಲ್ಲಿನ ಮೇಲಿಟ್ಟು, ಅಂಚಿನ ಗುಂಟ ಸುತ್ತಿಗೆಯ ಏಟು ಇಳಿಸುತ್ತ ಹೋಗುವುದು. ರೊಟ್ಟಿ ತಟ್ಟಿದಂತೆ ದಪ್ಪ ಕಬ್ಬಿಣ ಹೊರಕ್ಕೆ ಹರಡಿ ತೆಳುವಾಗುತ್ತದೆ. ಸವೆದು ಗಿಡ್ಡವಾದ ಗುದ್ದಲಿ ಒಂದಿಷ್ಟು ಉದ್ದವೂ ಆಗುತ್ತದೆ. ಕೊನೆಗೆ ನೀರಿಗದ್ದಿ ಗಡಸು ಮಾಡಿ, ಮತ್ತೆ ತುಸು ಕಾಯಿಸಿ ಹದ ಕೊಡುತ್ತಾರೆ. ಈ ಸುತ್ತಿನಲ್ಲಿ ಬೆಂಕಿಯಲ್ಲಿ ಹೊಪ್ಪಳಿಕೆಯಾಗಿ ಉದುರುವ ಅಲ್ಪಸ್ವಲ್ಪ ಬಿಟ್ಟರೆ ಕಬ್ಬಿಣ ನಷ್ಟವಾಗುವುದಿಲ್ಲ.

ಈ ಲೆಕ್ಕಾಚಾರದ ಹಿಂದೆ ಕಬ್ಬಿಣದ ಬೆಲೆ ಇತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಜನ ಅದಿರು ಕರಗಿಸಿ ಕಬ್ಬಿಣ, ಉಕ್ಕು ತೆಗೆಯುತ್ತಿದ್ದ ರೀತಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹಿಡಿಗಾತ್ರದ ಕಬ್ಬಿಣಕ್ಕೆ ಬುಟ್ಟಿಗಟ್ಟಲೆ ಇದ್ದಿಲು, ಹಲವರ ದುಡಿಮೆ. ಅಷ್ಟು ಕಷ್ಟದ ಕಬ್ಬಿಣವನ್ನು ಕಲ್ಲಿಗೆ ಉಜ್ಜಿ ಪುಡಿ ಮಾಡುವ ಯೋಚನೆ ಯಾರಿಗೂ ಬರುವಂತಿರಲಿಲ್ಲ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಹರಿಯತೊಡಗಿತು, ಆಮೇಲೆ ಲಾರಿ, ಬಸ್ಸುಗಳು ಹೆಚ್ಚಿದವು, ಅವುಗಳ ಹಳೆಯ ಸ್ಪ್ರಿಂಗ್ ಪ್ಲೇಟುಗಳು ಗುಜರಿಗೆ ಬಂದವು. ಇವತ್ತು ಒಳ್ಳೆಯ ಕತ್ತಿ, ಗುದ್ದಲಿ ಎಂದರೆ 'ಪ್ಲೇಟಿನದ್ದಾ?' ಎಂದು ಕೇಳುವಷ್ಟರ ಮಟ್ಟಿಗೆ ಆ ಗುಜರಿ ಉಕ್ಕೇ ಹಳ್ಳಿಯ ಕುಲುಮೆಯ ಕಚ್ಚಾ ಮಾಲು. ಕಬ್ಬಿಣ ಅಗ್ಗವಾದ ಮೇಲೆಯೇ ಉಜ್ಜಿ ಹರಿತ ಮಾಡುವುದು ಕೈಗೆಟುಕಿದ್ದು.

ಕಮ್ಮಾರನಿಗೆ ಸಲ್ಲುತ್ತಿದ್ದ ಕೂಲಿಯೂ ಇದಕ್ಕೆ ಹೊಂದುವಂತಿತ್ತು. ಆಯಗಾರರ ಪದ್ಧತಿಯಲ್ಲಿ ಅವನಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಸಿಗುತ್ತಿತ್ತು. ವರ್ಷದಲ್ಲಿ ಎಷ್ಟು ಸಲ ಹಣಿಸಿದರೂ ಆಯ ಅಷ್ಟೇ. ಹಾಗಾಗಿ ಗಟ್ಟಿಯಾಗಿ ಬಾಳುವಂತೆ ಕೆಲಸ ಮಾಡಿದರೆ ಅವನಿಗೇ ಅನುಕೂಲ. ಜಾತಿಯ ಕಟ್ಟಿಗೆ ಬಿಗಿದಿದ್ದ ಆ ಪದ್ಧತಿ ಅಳಿದದ್ದಕ್ಕೆ ಮರುಗಬೇಕಿಲ್ಲ. ಆದರೆ ಅದರೊಂದಿಗೆ 'ಹದ ನೋಡುವ' ಕಣ್ಣೂ ಊರಿನಿಂದ ಹೊರಟುಹೋದದ್ದು ನಷ್ಟವೇ.

ಗ್ರೈಂಡರ್ ಮಾಡುವುದು ಇದರ ತದ್ವಿರುದ್ಧ ಕೆಲಸ. ಅದು ಕಬ್ಬಿಣವನ್ನು ಹಿಗ್ಗಿಸುವುದಿಲ್ಲ, ತೆಗೆಯುತ್ತದೆ. ಪ್ರತಿ ಸಲ ಹಾರುವ ಕಿಡಿ ಗುದ್ದಲಿಯ ಮೈಯಿಂದ ಹೋದದ್ದು. ಉಜ್ಜುತ್ತ ಬಾಯಿ ಹಿಂದಕ್ಕೆ ಸರಿದಂತೆ ಅಲಗು ದಪ್ಪವಾಗುತ್ತದೆ, ದಪ್ಪ ಅಲಗಿಗೆ ಅದೇ ಕೋನ ಕೊಡಲು ಇನ್ನಷ್ಟು ಉಜ್ಜಬೇಕು. ಕೆಲವು ಸಲಕರಣೆಗಳಲ್ಲಿ ಬಾಯಿಯ ಭಾಗಕ್ಕೆ ಮಾತ್ರ ಗಡಸು ಹದ ಇರುತ್ತದೆ. ಅದು ಸವೆದು ಹೋದ ಮೇಲೆ ಎಷ್ಟು ಉಜ್ಜಿದರೂ ಹರಿತ ನಿಲ್ಲುವುದಿಲ್ಲ. 'ಮೊದಲೆಲ್ಲ ಚೆನ್ನಾಗಿತ್ತು, ಈಗ ಎರಡೇ ದಿನಕ್ಕೆ ಮೊಂಡಾಗುತ್ತೆ' ಎಂದು ಜನ ದೂರುವುದು ಸಾಮಾನ್ಯವಾಗಿ ಆ ಹಂತದಲ್ಲಿ.

ತಿರುಗುವ ಕಲ್ಲಿನೊಳಗೆ

ಹಳೆಯ ಸಾಣೆಕಲ್ಲು ನೆಲದಿಂದ ತೆಗೆದದ್ದು. ಈಗಿನ ಚಕ್ರಗಳು ವಿದ್ಯುತ್ ಕುಲುಮೆಯಲ್ಲಿ ಹುಟ್ಟಿದವು. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಜೇಡಿ ಮತ್ತು ಇಂಗಾಲವನ್ನು ವಿದ್ಯುತ್ತಿನಿಂದ ಕಾಯಿಸುವಾಗ ಕೈಗೆ ಸಿಕ್ಕ ಹೊಳೆಯುವ ಹರಳುಗಳಿಗೆ ಕಾರ್ಬೊರಂಡಮ್ ಎಂದು ಹೆಸರಿಟ್ಟ. ಅದು ಸಿಲಿಕಾನ್ ಕಾರ್ಬೈಡ್, ಕಲ್ಲು ಉಜ್ಜಲು ಒಳ್ಳೆಯದು. ಉಕ್ಕಿಗೆ ಹೊಂದುವುದು ಅಲ್ಯುಮಿನಿಯಂ ಆಕ್ಸೈಡಿನ ಚಕ್ರ. ಚಕ್ರದ ಮೇಲೆ ಬರೆದಿರುವ ಅಕ್ಷರಗಳ ಸಾಲು 'ಎ' ಎಂದು ಆರಂಭವಾದರೆ ಅದು ಈ ಜಾತಿಯದು. 'ಸಿ' ಇದ್ದರೆ ಕಲ್ಲು, ಕಾಂಕ್ರೀಟಿನದು. ಪಕ್ಕದ 36, 60, 80 ಎಂಬ ಸಂಖ್ಯೆಗಳು ಕಣದ ಗಾತ್ರ ಹೇಳುತ್ತವೆ, ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣ.

ಕೈಯಲ್ಲಿ ಹಿಡಿಯುವ ಆ್ಯಂಗಲ್ ಗ್ರೈಂಡರ್ ಜರ್ಮನಿಯಲ್ಲಿ 1954ರಲ್ಲಿ ಬಂತು. ಅದನ್ನು ತಯಾರಿಸಿದ 'ಫ್ಲೆಕ್ಸ್' ಕಂಪನಿಯ ಹೆಸರೇ ಅಲ್ಲಿ ಯಂತ್ರದ ಹೆಸರಾಗಿ ನಿಂತಿದೆ. ಅದೇ 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ಶುರುವಾಗಿ ಉಜ್ಜುವ ಚಕ್ರಗಳು ದಕ್ಷಿಣ ಭಾರತದಲ್ಲೇ ತಯಾರಾಗತೊಡಗಿದವು.

ನಮ್ಮ ಅಂಗಳದ ನಾಲ್ಕಿಂಚಿನ ಗ್ರೈಂಡರ್ ಲೋಡ್ ಇಲ್ಲದಾಗ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂದರೆ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಮೇಜಿಗೆ ಬಿಗಿದ ಆರಿಂಚಿನ ಬೆಂಚ್ ಗ್ರೈಂಡರ್ ನಿಮಿಷಕ್ಕೆ 2,800ರ ಆಸುಪಾಸು ತಿರುಗುತ್ತದೆ, ಅಂಚಿನ ವೇಗ ಗಂಟೆಗೆ 80 ಕಿಲೋಮೀಟರ್. ವೇಗ ಹೆಚ್ಚಿದಷ್ಟೂ ಕಬ್ಬಿಣ ಬೇಗ ಹೋಗುತ್ತದೆ, ಬಿಸಿಯೂ ಬೇಗ ಏರುತ್ತದೆ.

ಹಾಗಾಗಿ ಡಿಸ್ಕಿನ ಆಯ್ಕೆಯೇ ಅರ್ಧ ಕೆಲಸ. ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಒಂದೆರಡು ಮಿಲಿಮೀಟರ್ ದಪ್ಪದ ಕಟಿಂಗ್ ವೀಲ್ ಬರೀ ಕೊಯ್ಯಲು. ಅದರ ಮಗ್ಗುಲಿನಿಂದ ಗುದ್ದಲಿ ಉಜ್ಜುವುದು ಬಹಳ ಕಡೆ ನಡೆಯುವ, ಬಹಳ ಅಪಾಯದ ಅಭ್ಯಾಸ. ಪಕ್ಕದ ಒತ್ತಡಕ್ಕೆ ಅದು ಸಿಡಿದು ಚೂರಾಗುತ್ತದೆ. ಆರು ಮಿಲಿಮೀಟರಿನ ಗ್ರೈಂಡಿಂಗ್ ವೀಲ್ ಉಜ್ಜಲಿಕ್ಕೇ ಇರುವುದಾದರೂ ಒರಟು, ಕೈ ತುಸು ನಡುಗಿದರೆ ಬಾಯಲ್ಲಿ ಹಳ್ಳ ತೋಡುತ್ತದೆ. ಗುದ್ದಲಿಗೆ ಹೇಳಿ ಮಾಡಿಸಿದ್ದು ಫ್ಲಾಪ್ ಡಿಸ್ಕ್. ಉಜ್ಜುಬಟ್ಟೆಯ ಸಣ್ಣ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ್ದು. ಪಟ್ಟಿ ಬಳುಕುವುದರಿಂದ ಹಳ್ಳ ಬೀಳುವುದಿಲ್ಲ, ಬಿಸಿಯೂ ಕಡಿಮೆ. ಬಾಯಿ ತೀರಾ ಒಡೆದಿದ್ದರೆ 40ರ ಕಣ, ಮಾಮೂಲಿಗೆ 60 ಅಥವಾ 80.

ನೀಲಿ ಬಂದರೆ ನಿಲ್ಲಿಸಿ

ಉಜ್ಜಿದ ಉಕ್ಕು ಬೆಳ್ಳಗೆ ಹೊಳೆಯುತ್ತದಲ್ಲ, ಆ ಹೊಳಪಿನ ಮೇಲೆ ಬಿಸಿ ತನ್ನ ಗುರುತು ಬಿಡುತ್ತದೆ. ಡಿಸ್ಕನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿದು ನೋಡಿ. ಮೊದಲು ಅಂಚಿನಲ್ಲಿ ತಿಳಿ ಹಳದಿ ಮೂಡುತ್ತದೆ, ಆಗ ಅಲ್ಲಿನ ಬಿಸಿ 220 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ. ಹಳದಿ ಕಂದಾಗುವಾಗ 250 ದಾಟಿರುತ್ತದೆ. ನೇರಳೆ ಬಂದರೆ 280ರ ಸುತ್ತಮುತ್ತ, ಕಡುನೀಲಿಗೆ 300. ಅದರಾಚೆ ನೀಲಿ ತಿಳಿಯಾಗಿ ಬೂದಿಗೆ ತಿರುಗುತ್ತದೆ. ಗಾಳಿಯ ಆಮ್ಲಜನಕ ಉಕ್ಕಿನ ಮೇಲೆ ಕಟ್ಟುವ ಅತಿ ತೆಳು ಪೊರೆ ಬಿಸಿಗೆ ತಕ್ಕಂತೆ ದಪ್ಪವಾಗುತ್ತ ಹೋಗುತ್ತದೆ, ಬಣ್ಣ ಬರುವುದು ಅದರಿಂದ. ಇದೆಲ್ಲ ನಡೆಯಲು ತೆಳು ಅಂಚಿಗೆ ಒಂದೆರಡು ಸೆಕೆಂಡು ಸಾಕು, ಏಕೆಂದರೆ ಅಲ್ಲಿ ಬಿಸಿಗೆ ಹರಿದುಹೋಗಲು ಲೋಹವೇ ಇಲ್ಲ.

ಇದೇ ಬಣ್ಣಗಳನ್ನು ಕಮ್ಮಾರ ಬೇಕೆಂದೇ ತರಿಸುತ್ತಾನೆ. ನೀರಿಗದ್ದಿದ ಉಕ್ಕು ಗಾಜಿನ ಹಾಗೆ ಪೆಡಸು, ಬಿದ್ದರೆ ಒಡೆಯುತ್ತದೆ. ಮತ್ತೆ ಮೆಲ್ಲಗೆ ಕಾಯಿಸಿ ಬೇಕಾದ ಬಣ್ಣ ಬಂದ ಕ್ಷಣ ನಿಲ್ಲಿಸಿದರೆ ಗಡಸುತನ ತುಸು ಇಳಿದು ತಾಳಿಕೆ ಬರುತ್ತದೆ. ಹದ ಎನ್ನುವುದು ಈ ಎರಡರ ನಡುವಿನ ಜಾಗ. ಚಾಕುವಿಗೆ ಹಳದಿ, ಉಳಿಗೆ ಕಂದು-ನೇರಳೆ, ಏಟು ತಿನ್ನುವ ಸಲಕರಣೆಗಳಿಗೆ ನೀಲಿಯ ಕಡೆಗೆ. ಕಮ್ಮಾರ ಇಡೀ ಅಲಗಿಗೆ ಲೆಕ್ಕ ಹಾಕಿ ತರುವ ಬಣ್ಣವನ್ನು ಗ್ರೈಂಡರ್ ಅಂಚಿನ ಯಾವುದೋ ಒಂದು ಚುಕ್ಕೆಗೆ ಲೆಕ್ಕವಿಲ್ಲದೆ ತರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ನೀಲಿ ಕಂಡ ಕೂಡಲೇ ಗುದ್ದಲಿ ಹಾಳಾಯಿತೆಂದು ಕೈಚೆಲ್ಲಬೇಕಿಲ್ಲ. ಉಕ್ಕು ಮೊದಲು ಯಾವ ಬಿಸಿಯಲ್ಲಿ ಹದಗೊಂಡಿತ್ತೋ ಅದನ್ನು ಮೀರಿದಾಗ ಮಾತ್ರ ಮೆದುವಾಗುತ್ತದೆ. 300 ಡಿಗ್ರಿಗಿಂತ ಮೇಲೆ ಹದ ಕೊಟ್ಟ ಗುದ್ದಲಿಗೆ ಚೂರು ನೀಲಿಯಿಂದ ಹೆಚ್ಚೇನೂ ಆಗದು. ಅದೇ ನೀಲಿ ಕತ್ತಿಗೋ ಕುಡುಗೋಲಿಗೋ ಬಂದರೆ ಅಷ್ಟು ಜಾಗದ ಹರಿತ ಹೋಯಿತೆಂದೇ ಲೆಕ್ಕ. ನಮ್ಮ ಕೈಯಲ್ಲಿರುವುದಕ್ಕೆ ಯಾವ ಹದ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಆದ್ದರಿಂದ ನೀಲಿಯನ್ನು ಗಡಿಯೆಂದು ಇಟ್ಟುಕೊಳ್ಳುವುದು ಕ್ಷೇಮ. ಬಂದ ನೀಲಿಯನ್ನು ಮತ್ತೆ ಉಜ್ಜಿ ಬೆಳ್ಳಗೆ ಮಾಡಿದರೆ ಬಣ್ಣ ಹೋಗುತ್ತದೆಯೇ ಹೊರತು ಹದ ಹಿಂದಿರುಗುವುದಿಲ್ಲ.

ಬಿಸಿ ತಡೆಯುವ ಉಪಾಯ ಸರಳ: ಪಕ್ಕದಲ್ಲಿ ಒಂದು ಬಕೆಟ್ ನೀರು. ಒಂದೊಂದು ಎಳೆತ ಮುಗಿದಾಗಲೂ ಯಂತ್ರ ಆರಿಸಿ, ಡಿಸ್ಕ್ ನಿಂತ ಮೇಲೆ ಅಂಚಿನಿಂದ ತುಸು ಹಿಂದೆ ಅಲಗಿನ ಮೈ ಮುಟ್ಟಿ ನೋಡುವುದು. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಅಲಗನ್ನು ನೀರಿಗದ್ದುವುದು. ಅಂಚು ಕೆಂಪಗೇ ಆಗಿಬಿಟ್ಟಿದ್ದರೆ ಮಾತ್ರ ನೀರಿಗದ್ದಬಾರದು. ಕೆಂಪು ಉಕ್ಕು ನೀರಿನಲ್ಲಿ ಪೆಡಸಾಗಿ ಮೊದಲ ಕಲ್ಲಿಗೇ ಚೂರಾಗುತ್ತದೆ.

ಕಿಡಿಯೇ ಹೇಳುತ್ತದೆ

ಸಂತೆಯಲ್ಲಿ ಕೊಂಡ ಗುದ್ದಲಿ ಉಕ್ಕಿನದ್ದೋ ಮೆದು ಕಬ್ಬಿಣದ್ದೋ ಎಂದು ತಿಳಿಯಲು ಗ್ರೈಂಡರಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮಬ್ಬು ಬೆಳಕಿನಲ್ಲಿ ಅಲಗಿನ ಮೂಲೆಗೆ ಡಿಸ್ಕ್ ತಾಗಿಸಿ ಕಿಡಿಯನ್ನು ಗಮನಿಸಬೇಕು. ಇಂಗಾಲ ಕಡಿಮೆ ಇರುವ ಮೆದು ಕಬ್ಬಿಣದಿಂದ ಉದ್ದನೆಯ ನೇರ ಗೆರೆಗಳು ಹೊರಡುತ್ತವೆ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ಗಿಡ್ಡ, ಆದರೆ ದಟ್ಟವಾಗಿ ಕವಲೊಡೆದು ಸುರುಸುರುಬತ್ತಿಯ ನಕ್ಷತ್ರಗಳನ್ನೇ ಚೆಲ್ಲುತ್ತದೆ. ಉಜ್ಜಿದಾಗ ಹಾರಿದ ಕಾದ ಕಣ ಗಾಳಿಯಲ್ಲಿ ಉರಿಯುವಾಗ ಒಳಗಿನ ಇಂಗಾಲ ಅನಿಲವಾಗಿ ಕಣವನ್ನೇ ಸಿಡಿಸುವುದು ಇದಕ್ಕೆ ಕಾರಣ. ಎರಕದ ಕಬ್ಬಿಣದ ಕಿಡಿ ಮಂಕು ಕೆಂಪು, ಅಲ್ಲೇ ಆರಿಹೋಗುತ್ತದೆ.

ಒಂದೇ ಸಲಕರಣೆಯ ಬಾಯಿ ಮತ್ತು ತಲೆ ಎರಡರ ಕಿಡಿಯನ್ನೂ ಹೋಲಿಸಿದರೆ ಆಚಾರಿ ಬಾಯಿಗೆ ಬೇರೆ ಉಕ್ಕು ಕೂಡಿಸಿದ್ದಾರೆಯೇ ಎಂಬುದೂ ತಿಳಿಯುತ್ತದೆ. ಮೆದು ಕಬ್ಬಿಣದ ಅಗ್ಗದ ಗುದ್ದಲಿಗೆ ಹದ ಕೆಡುವ ಭಯವೇ ಇಲ್ಲ, ಏಕೆಂದರೆ ಅದಕ್ಕೆ ಹದವೇ ಇರುವುದಿಲ್ಲ. ಅದು ಹರಿತ ಹಿಡಿಯುವುದೂ ಇಲ್ಲ.

ಕೈ ಹಿಡಿಯುವ ಕ್ರಮ

ಹೊಸ ಸನಿಕೆ, ಗುದ್ದಲಿಗಳು ಕಂಪನಿಯಿಂದ ಸಾಮಾನ್ಯವಾಗಿ ಮೊಂಡಾಗಿಯೇ ಬರುತ್ತವೆ, ಬಾಯಿಯ ಮೇಲೆ ಬಣ್ಣವೋ ವಾರ್ನಿಷೋ ಇರುತ್ತದೆ. ಬೆಂಗಳೂರಿನ ಮನೆಯ ಹಿತ್ತಿಲಲ್ಲೋ ತಾರಸಿಯಲ್ಲೋ ಗಿಡ ಬೆಳೆಸುವ ಬಹಳ ಮಂದಿ ಅದನ್ನು ಹಾಗೆಯೇ ಬಳಸಿ 'ಮಣ್ಣು ಗಟ್ಟಿ' ಎನ್ನುತ್ತಾರೆ. ಮೊದಲ ಹರಿತವನ್ನು ಕೊಳ್ಳುವವರೇ ಕೊಟ್ಟುಕೊಳ್ಳಬೇಕು.

ಅಲಗಿನ ಮಣ್ಣು ತೊಳೆದು ಒರೆಸಿ, ವೈಸಿಗೆ ಕಚ್ಚಿಸಿ ಅಥವಾ ಗಟ್ಟಿ ಮರದ ದಿಮ್ಮಿಗೆ ಕ್ಲ್ಯಾಂಪಿನಿಂದ ಬಿಗಿಯಬೇಕು. ಕಾವನ್ನು ಕಾಲಲ್ಲಿ ಮೆಟ್ಟಿಕೊಂಡು ಒಂದೇ ಕೈಯಲ್ಲಿ ಗ್ರೈಂಡರ್ ಹಿಡಿಯುವುದು ಬೇಡ. ಹಳೆಯ ಇಳಿಜಾರು ಯಾವ ಮುಖದಲ್ಲಿದೆಯೋ ಅದೇ ಮುಖದಲ್ಲಿ ಉಜ್ಜುವುದು, ಬೆನ್ನು ಚಪ್ಪಟೆಯಾಗಿಯೇ ಇರಲಿ. ಕೋನ ಅಳೆಯಲು ಸಲಕರಣೆ ಬೇಡ, ಅಲಗಿನ ದಪ್ಪವೇ ಅಳತೆ. ಇಳಿಜಾರಿನ ಅಗಲ ದಪ್ಪದ ಎರಡರಷ್ಟು ಬಂದರೆ 30 ಡಿಗ್ರಿ. ಒಂದೂವರೆಯಷ್ಟು ಬಂದರೆ 40ರ ಆಸುಪಾಸು. ಅಂದರೆ ಎರಡು ಮಿಲಿಮೀಟರ್ ದಪ್ಪದ ಅಲಗಿಗೆ ಮೂರು-ನಾಲ್ಕು ಮಿಲಿಮೀಟರ್ ಅಗಲದ ಹೊಳೆಯುವ ಪಟ್ಟಿ. ಉಜ್ಜುವ ಮೊದಲು ಆ ಅಗಲಕ್ಕೆ ಮಾರ್ಕರ್‌ನಲ್ಲಿ ಬಳಿದುಕೊಂಡರೆ ಡಿಸ್ಕ್ ಎಲ್ಲಿ ತಾಗುತ್ತಿದೆ, ಎಲ್ಲಿ ಇಲ್ಲ ಎಂದು ಕಾಣುತ್ತದೆ.

ಡಿಸ್ಕ್ ಪೂರ್ತಿ ವೇಗಕ್ಕೆ ಬಂದ ಮೇಲೆ ತಾಗಿಸಬೇಕು. ಬಾಯಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಲ್ಲದ ಎಳೆತ. ಒತ್ತುವುದು ಬೇಡ, ಯಂತ್ರದ ಭಾರವೇ ಸಾಕು. ಚಕ್ರ ತಿರುಗುವ ದಿಕ್ಕು ಅಂಚಿನಿಂದ ಹೊರಗೆ ಹೋಗುವಂತಿರಲಿ. ಒಳಮುಖವಾಗಿ ತಿರುಗುತ್ತಿದ್ದರೆ ಡಿಸ್ಕ್ ಅಂಚಿಗೆ ಸಿಕ್ಕಿ ಯಂತ್ರ ಕೈಯಿಂದ ಹಾರುತ್ತದೆ. ನಾಲ್ಕೈದು ಎಳೆತಕ್ಕೆ ಕೆಲಸ ಮುಗಿಯಬೇಕು. ಮುಗಿಯಲಿಲ್ಲವೆಂದರೆ ಆ ಬಾಯಿ ಕುಲುಮೆಗೆ ಹೋಗಬೇಕಾದದ್ದು. ಕೊನೆಗೆ ಬೆನ್ನ ಕಡೆಗೆ ಮಡಚಿಕೊಂಡ ತೆಳು ತಗಡು ಬೆರಳಿಗೆ ಸಿಗುತ್ತದೆ. ಅದನ್ನು ಅರದಿಂದ ಎರಡು ಸಲ ಸವರಿ ತೆಗೆದು, ಒಂದಿಷ್ಟು ಎಣ್ಣೆ ಒರೆಸಿದರೆ ಸರಿ.

ಹಾರೆಗೆ ಬೇರೆ ಲೆಕ್ಕ. ಕರಾವಳಿಯವರು ಗುದ್ದಲಿಯನ್ನೇ ಹಾರೆ ಎನ್ನುತ್ತಾರೆ, ಇಲ್ಲಿ ಹೇಳುತ್ತಿರುವುದು ಉದ್ದನೆಯ ಗಡಾರಿಯ ಬಗ್ಗೆ. ಅದರ ಚಪ್ಪಟೆ ಬಾಯಿಗೆ ಎರಡೂ ಕಡೆ ಸಮನಾದ ಇಳಿಜಾರು ಬೇಕು, ಒಟ್ಟು ಕೋನ 50-60 ಡಿಗ್ರಿ ಇದ್ದರೂ ಆದೀತು. ಕಲ್ಲಿನ ಮೇಲೆ ನೇರ ಏಟು ಬೀಳುವ ಸಲಕರಣೆಗೆ ತೆಳು ಬಾಯಿ ನಿಲ್ಲುವುದಿಲ್ಲ. ಹಾರೆ, ಪಿಕಾಸಿಗಳ ಮೊನೆಯನ್ನು ಸೂಜಿಯಂತೆ ಮಾಡದೆ ಗಿಡ್ಡ ಗೋಪುರದ ಆಕಾರದಲ್ಲಿ ನಾಲ್ಕು ಮುಖ ತೆಗೆಯಬೇಕು. ಇವುಗಳ ಹಿಂಬದಿಯ ತಲೆ ಏಟು ತಿಂದು ಅಣಬೆಯ ಕೊಡೆಯಾಗಿದ್ದರೆ ಅದನ್ನೂ ಉಜ್ಜಿ ತೆಗೆಯುವುದು ಒಳ್ಳೆಯದು. ಅಲ್ಲಿಂದ ಸಿಡಿಯುವ ಚೂರು ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು.

ಕಳೆ ತೆಗೆಯುವ ಕುರ್ಪಿಗೆ ಗ್ರೈಂಡರ್ ಬೇಡವೇ ಬೇಡ. ತೆಳು ಅಲಗು ಮುಟ್ಟುವಷ್ಟರಲ್ಲಿ ನೀಲಿಯಾಗುತ್ತದೆ, ಅದಕ್ಕೆ ಅರವೇ ಸರಿ. ದಿನನಿತ್ಯದ ಹರಿತಕ್ಕೆ ಗುದ್ದಲಿಗೂ ಅಷ್ಟೇ. ಯಂತ್ರದಿಂದ ಒಮ್ಮೆ ಇಳಿಜಾರು ಸರಿಯಾದರೆ ಆಮೇಲೆ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅರದಿಂದ ಹತ್ತಾರು ಎಳೆತ ಕೊಟ್ಟರೆ ವಾರಗಟ್ಟಲೆ ಗ್ರೈಂಡರ್ ಮುಟ್ಟಬೇಕಿಲ್ಲ.

ಹೆಗಲ ಮೇಲಿನ ಟವೆಲ್

ಗ್ರೈಂಡರಿನ ಗಾಯಗಳು ಹೊಲದ ಗಾಯಗಳಂತಲ್ಲ, ಕಣ್ಣು ರೆಪ್ಪೆ ಮಿಟುಕಿಸುವುದರೊಳಗೆ ಆಳಕ್ಕೆ ಹೋಗಿರುತ್ತವೆ. ಗಾರ್ಡ್ ಅಡ್ಡ ಬರುತ್ತದೆಂದು ಬಿಚ್ಚಿಡುವುದು, ನಾಲ್ಕಿಂಚಿನ ಯಂತ್ರಕ್ಕೆ ಐದಿಂಚಿನ ಡಿಸ್ಕ್ ಸಿಕ್ಕಿಸುವುದು, ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದು ಇವು ಮೂರೂ ಆಸ್ಪತ್ರೆಯ ದಾರಿ. ಡಿಸ್ಕಿನ ಮೇಲೆ ಬರೆದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕು, ಅವಧಿ ಮೀರಿರಬಾರದು. ಬಿದ್ದು ಬಿರುಕು ಬಿಟ್ಟ ಡಿಸ್ಕನ್ನು ಎರಡು ರೂಪಾಯಿ ಉಳಿಸಲು ಹಾಕಬಾರದು. ಬೆಂಚ್ ಗ್ರೈಂಡರ್ ಇದ್ದವರು ಆಸರೆ ಪಟ್ಟಿಗೂ ಕಲ್ಲಿಗೂ ನಡುವೆ ಮೂರು ಮಿಲಿಮೀಟರ್‌ಗಿಂತ ಹೆಚ್ಚು ಸಂದು ಬಿಡಬಾರದು, ಅಲ್ಲಿ ಅಲಗು ಸಿಕ್ಕಿದರೆ ಕಲ್ಲು ಒಡೆಯುತ್ತದೆ.

ನಮ್ಮ ಉಡುಪಿನ ಅಪಾಯ ಕಂಪನಿಯ ಕೈಪಿಡಿಯಲ್ಲಿ ಇರುವುದಿಲ್ಲ. ಹೆಗಲ ಮೇಲಿನ ಟವೆಲ್, ಎತ್ತಿಕಟ್ಟಿದ ಲುಂಗಿ, ಸೀರೆಯ ಸೆರಗು, ಸಡಿಲ ತೋಳು ಯಾವುದು ಸಿಕ್ಕಿದರೂ ಡಿಸ್ಕ್ ಸುತ್ತಿಕೊಂಡು ಎಳೆಯುತ್ತದೆ. ಸಿಂಥೆಟಿಕ್ ಬಟ್ಟೆಗೆ ಕಿಡಿ ಬಿದ್ದರೆ ಮೈಗೆ ಅಂಟುತ್ತದೆ. ಹತ್ತಿಯ ಬಿಗಿ ಬಟ್ಟೆ, ಕಾಲಿಗೆ ಶೂ, ಕಣ್ಣಿಗೆ ಪಕ್ಕದಿಂದಲೂ ಮುಚ್ಚುವ ಕನ್ನಡಕ ಇರಲೇಬೇಕು. ಕಿಡಿ ಹಾರುವ ಕಡೆ ಹುಲ್ಲಿನ ಬಣವೆ, ಅಡಿಕೆ ಸಿಪ್ಪೆಯ ರಾಶಿ, ಕಳೆ ಕೊಚ್ಚುವ ಯಂತ್ರದ ಪೆಟ್ರೋಲ್ ಕ್ಯಾನು ಇದ್ದರೆ ಜಾಗ ಬದಲಿಸಿ. ಮಳೆಗಾಲದ ಒದ್ದೆ ಅಂಗಳದಲ್ಲಿ ಅಲ್ಲಲ್ಲಿ ಟೇಪು ಸುತ್ತಿದ ಎಕ್ಸ್‌ಟೆನ್ಷನ್ ವೈರಿನ ಮೇಲೆ ನಿಂತು ಗ್ರೈಂಡರ್ ಹಿಡಿಯುವುದಂತೂ ಸಾವಿನ ಜೊತೆ ಸರಸ.

ದೂಳನ್ನು ಲೆಕ್ಕಿಸದವರು ಇಂಗ್ಲೆಂಡಿನ ಶೆಫೀಲ್ಡಿನ ಚರಿತ್ರೆ ಓದಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಆ ಊರಿನಲ್ಲಿ ಊಟದ ಫೋರ್ಕುಗಳನ್ನು ಮರಳುಗಲ್ಲಿನ ಚಕ್ರದ ಮೇಲೆ ನೀರು ಹಾಕದೆ ಮಸೆಯುತ್ತಿದ್ದರು. ಕಲ್ಲಿನ ದೂಳು ಕುಡಿದ ಆ ಕಾರ್ಮಿಕರಲ್ಲಿ ಬಹಳಷ್ಟು ಮಂದಿ ಮೂವತ್ತರ ಆಸುಪಾಸಿನಲ್ಲೇ ಸತ್ತರು. ಇಂದಿನ ಚಕ್ರಗಳಲ್ಲಿ ಆ ಮರಳುಗಲ್ಲು ಇಲ್ಲ, ಆದರೂ ಲೋಹದ, ಅಂಟಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದೇನಲ್ಲ. ಒಂದು ಮಾಸ್ಕಿಗೆ ಆಗುವ ಖರ್ಚು ಡಿಸ್ಕಿಗಿಂತ ಕಡಿಮೆ.

ಹರಿತಕ್ಕೆ ಹತ್ತು ರೂಪಾಯಿ

ಮೊಂಡು ಸಲಕರಣೆಯ ನಷ್ಟವನ್ನು ಸರ್ಕಾರವೂ ಒಪ್ಪಿಕೊಂಡಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 2021ರಲ್ಲಿ ನಮ್ಮ ರಾಜ್ಯದ ನರೇಗಾ ದಿನಗೂಲಿ 289 ರೂಪಾಯಿ. ಅದರ ಜೊತೆಗೆ ಸಲಕರಣೆ ಹರಿತಗೊಳಿಸಲೆಂದು 10 ರೂಪಾಯಿ ಸೇರಿಸಿ 299 ಎಂದು ಲೆಕ್ಕ ಹೇಳುತ್ತಿದ್ದರು. ಆ ಕೆಲಸದಲ್ಲಿ ಕೂಲಿ ನಿಗದಿಯಾಗುವುದು ಅಗೆದ ಮಣ್ಣಿನ ಅಳತೆಯ ಮೇಲೆ. ಗುದ್ದಲಿ ಮೊಂಡಾಗಿದ್ದರೆ ಅದೇ ಬೆವರಿಗೆ ಕಡಿಮೆ ಮಣ್ಣು, ಕಡಿಮೆ ಮಣ್ಣಿಗೆ ಕಡಿಮೆ ಕಾಸು. ಹತ್ತು ರೂಪಾಯಿ ಕೊಟ್ಟರಾಯಿತೇ, ಹರಿತ ಮಾಡಿಕೊಡುವವರು ಊರಲ್ಲಿದ್ದಾರೆಯೇ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಉತ್ತರಕ್ಕೆ ಬೇಕಾದ ಸಾಮಾನು ಹತ್ತಿರದಲ್ಲೇ ಇದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ ಅದರಲ್ಲಿವೆ. ಹೋಬಳಿಗಳಲ್ಲಿ ಟ್ರ್ಯಾಕ್ಟರ್, ಟಿಲ್ಲರ್ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಅಲ್ಲಿ ಒಂದು ಗಟ್ಟಿ ಮೇಜು, ವೈಸು, ಬೆಂಚ್ ಗ್ರೈಂಡರ್, ನೀರಿನ ತೊಟ್ಟಿ ಇಟ್ಟು ಹದ ಬಲ್ಲ ಒಬ್ಬರನ್ನು ವಾರಕ್ಕೊಂದು ದಿನ ಕೂರಿಸುವುದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಕುಲುಮೆಯಿಂದ ವೆಲ್ಡಿಂಗ್ ಶಾಪಿಗೆ ಹೋದ ಆಚಾರಿಗೂ ಅದು ಸಂಪಾದನೆ.

ಅಲ್ಲಿಯವರೆಗೆ ಮನೆಯವರೇ ಮಾಡಿಕೊಳ್ಳಬಹುದಾದ ವ್ಯವಸ್ಥೆ ಇಷ್ಟು: ದಿನಕ್ಕೆ ಅರ, ಬಾಯಿ ತೀರಾ ಕೆಟ್ಟಾಗ ಫ್ಲಾಪ್ ಡಿಸ್ಕ್, ವರ್ಷಕ್ಕೊಮ್ಮೆ ಕುಲುಮೆ. ಹಣಿಸಿದ ಬಾಯಿ ಹೊಸ ಉದ್ದ, ಹೊಸ ಹದ ಪಡೆದು ಬರುತ್ತದೆ, ಮುಂದಿನ ವರ್ಷದ ಉಜ್ಜುವಿಕೆಗೆ ಅದರಲ್ಲಿ ಕಬ್ಬಿಣ ಇರುತ್ತದೆ. ಹತ್ತಿರ ಕುಲುಮೆಯೇ ಇಲ್ಲದವರು ಸವೆದ ಗುದ್ದಲಿಗೆ ಸ್ಪ್ರಿಂಗ್ ಪ್ಲೇಟಿನ ತುಂಡು ಬೆಸೆಸಬಹುದು. ಅದು ಎರಡನೇ ದರ್ಜೆಯ ಪರಿಹಾರ, ಬೆಸುಗೆಯ ಬಿಸಿಗೆ ಪಕ್ಕದ ಹದ ಹೋಗಿರುತ್ತದೆ. ಗ್ರೈಂಡರ್ ಒಂದೇ ಸಾಕೆಂದು ಕೂತವರು ಮಾತ್ರ ನಾಲ್ಕು ವರ್ಷ ಬಾಳಬೇಕಾದ ಗುದ್ದಲಿಯನ್ನು ಎರಡೇ ವರ್ಷದಲ್ಲಿ ಕಿಡಿ ಮಾಡಿ ಮುಗಿಸಿ ಮತ್ತೆ ಹಾರ್ಡ್‌ವೇರ್ ಅಂಗಡಿಯ ಕಟ್ಟೆ ಹತ್ತಬೇಕಾಗುತ್ತದೆ. ಆಗ ಅಂಗಡಿಯವರು ಹೊಸ ಗುದ್ದಲಿಯ ಜೊತೆಗೆ ಹೊಸ ಡಿಸ್ಕನ್ನೂ ಕಟ್ಟಿಕೊಡುತ್ತಾರೆ.